ಹಳೇ ಮಷೀನಿಗೆ ಪ್ಲೈವುಡ್ ತುಂಡಿನ ಪ್ಯಾಕಿಂಗ್: ನನ್ನ ಅನುಭವ

ಕಬ್ಬಿಣ, ಟೈಲ್ಸ್ ಕೊಯ್ಯುವ ಹಳೇ ಕೈ ಗ್ರೈಂಡರ್, ಗೋಡೆ ಕೊರೆಯುವ ಹ್ಯಾಮರ್ ಪಾರ್ಸೆಲ್ ಹಾಕಿದರೆ ಒಡೆದೇ ಮುಟ್ಟುತ್ತವೆ ಅನ್ನೋದು ಹುಬ್ಬಳ್ಳಿಯಲ್ಲಿ ಹಳೇ ಮಷೀನು ಮಾರುವ ನಮ್ಮ ಲೈನಿನವರ ಗಟ್ಟಿ ನಂಬಿಕೆ. ಗೋಕುಲ ರಸ್ತೆ ಕಡೆಯ ಮೋಟಾರ್ ವೈಂಡಿಂಗ್ ಮಾಡುವ ಒಬ್ಬ ಕಾಕಾ ಅಂತೂ, "ತಮ್ಮಾ, ಮುಂದ ನಿಂತು ಚಾಲೂ ಮಾಡಿ ತೋರ್ಸು, ರೊಕ್ಕಾ ಎಣಿಸ್ಕೋ. ಪಾರ್ಸೆಲ್ ಗೀರ್ಸೆಲ್ ನಮ್ಮಂಥವ್ರಿಗಲ್ಲ" ಅಂದಿದ್ದರು. ಈಗ ಹೆಚ್ಚುಕಡಿಮೆ ಎರಡು ವರ್ಷದಿಂದ ಬೆಂಗಳೂರು, ಇಳಕಲ್, ಶಿರಸಿ, ಕೊಲ್ಹಾಪುರಕ್ಕೆ ಕಳಿಸುತ್ತಿದ್ದೇನೆ. ಬಾಡಿ ಒಡೆದ ದೂರು ಬಂದು ಬಹಳ ದಿನ ಆಯಿತು. ಮೊನ್ನೆ ಕಾಕಾನೇ ಕಾಂಕ್ರೀಟ್ ಒಡೆಯುವ ತಮ್ಮ ಬ್ರೇಕರ್ ಮಷೀನು ತಂದು ನನ್ನ ಕೈಯಲ್ಲಿ ಪ್ಯಾಕ್ ಮಾಡಿಸಿಕೊಂಡರು. ಚಹಾದ ರೊಕ್ಕಾನೂ ಅವರೇ ಕೊಟ್ಟರು.

ಒಡೆಯುತ್ತಿದ್ದದ್ದು ಎಲ್ಲಿ ಅಂದರೆ, 4 ಇಂಚಿನ ಗ್ರೈಂಡರಿನಲ್ಲಿ ಯಾವಾಗಲೂ ಒಂದೇ ಜಾಗ. ಮುಂದಿನ ಲೋಹದ ತಲೆ, ಅಂದರೆ ಗೇರ್ ಹೆಡ್, ಪ್ಲಾಸ್ಟಿಕ್ ಬಾಡಿಗೆ ಕೂಡುವ ನಾಲ್ಕು ಸ್ಕ್ರೂ ಹತ್ತಿರ. ಬಬಲ್ ಶೀಟ್ ಸುತ್ತಿ ಬಾಕ್ಸಿಗೆ ಹಾಕಿದರೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಲಾರಿಯಲ್ಲಿ ಒಂದು ರಾತ್ರಿ ಕುಣಿದರೆ ಬಬಲ್ ಎಲ್ಲ ಒಡೆದು ಮಷೀನು ಒಳಗೆ ಓಡಾಡೋಕೆ ಶುರು. ಬಾಕ್ಸ್ ಬಿದ್ದಾಗ ಹೆಡ್ಡಿನ ಭಾರವೆಲ್ಲ ಆ ಸ್ಕ್ರೂಗಳ ಮೇಲೆ. ಬಿರುಕು ಬಿಡದೆ ಇನ್ನೇನಾಗುತ್ತದೆ? ಒಂದು ಹಳೇ ಗ್ರೈಂಡರಿನಲ್ಲಿ ನನಗೆ ಉಳಿಯುತ್ತಿದ್ದದ್ದು 300-350 ರೂಪಾಯಿ. ಹೊಸ ಬಾಡಿ, ಹೋಗಿ ಬರೋ ಬಾಡಿಗೆ ಹಿಡಿದರೆ, ಒಂದು ಒಡೆದಾಗ ಮೂರು ಮಷೀನಿನ ಲಾಭ ಹೋಯಿತು. ಮೊದಲ ಮಳೆಗಾಲ ಪೂರ್ತಿ ಹಿಂಗೇ ಕಳೆಯಿತು.

ಸಸ್ತಾ ಆಗಲಿ ಅಂತ ಏನೇನೋ ತುಂಬಿ ನೋಡಿದೆ. ಶೇಂಗಾ ಹೊಟ್ಟು ಪುಕ್ಕಟೆ ಸಿಗುತ್ತದೆ, ಹಗುರ ಬೇರೆ. ಆದರೆ ಅಲುಗಾಡಿದಂತೆ ಹೊಟ್ಟು ಮೇಲೆ ಬರುತ್ತದೆ, ಮಷೀನು ತಳ ಮುಟ್ಟುತ್ತದೆ. ಪುಡಿ ಗಾಳಿ ಕಿಂಡಿಯಲ್ಲಿ ಹೊಕ್ಕು ಮೋಟಾರಿನ ಕಾರ್ಬನ್ ಬ್ರಷ್ ಹೋಲ್ಡರ್‌ವರೆಗೂ ಹೋಗಿತ್ತು. ಇನ್ನೊಂದು ಸಲ ಗೆಳೆಯನೊಬ್ಬ ಬ್ಯಾಡಗಿಯಿಂದ ಮೆಣಸಿನಕಾಯಿ ತುಂಬಿದ್ದ ಖಾಲಿ ಚೀಲ ತಂದುಕೊಟ್ಟ. ಮಡಿಚಿ ಒಳಗಿಟ್ಟರೆ ಒಳ್ಳೇ ಮೆತ್ತೆ. ಶಿರಸಿಯ ಬಡಗಿಯೊಬ್ಬರು ಫೋನ್ ಮಾಡಿದರು: ಮಷೀನು ಏನೋ ಚೆನ್ನಾಗಿದೆ, ಆದರೆ ಸ್ವಿಚ್ ಒತ್ತಿದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಬ್ಯಾಡಗಿಗೆ ಖಾರ ಕಡಿಮೆ ಅಂತಾರೆ. ಅದು ಅಡುಗೆಗೆ, ಮೂಗಿಗಲ್ಲ.

ಕೊನೆಗೆ ಹೊಳೆದದ್ದು ಇಷ್ಟೇ. ಮೆತ್ತಗೆ ಸುತ್ತುವುದಲ್ಲ, ಲೋಹದ ಭಾಗವನ್ನು ಹಿಡಿದು ಕಟ್ಟುವುದು. ಗ್ರೈಂಡರ್ ಹೆಡ್ಡಿಗೆ ಸೈಡ್ ಹ್ಯಾಂಡಲ್ ಹಾಕುವ ತೂತು ಇದ್ದೇ ಇರುತ್ತದೆ, ಅಲ್ವಾ? ಅದಕ್ಕೆ ಬೋಲ್ಟ್ ಹಾಕಿ 12 ಎಂಎಂ ಪ್ಲೈವುಡ್ ತುಂಡಿಗೆ ಕೂರಿಸಿದೆ. ಕೆಲವು ಮಷೀನಿಗೆ ಎಂ8 (8 ಎಂಎಂ ದಪ್ಪದ್ದು), ಕೆಲವಕ್ಕೆ ಎಂ10 (10 ಎಂಎಂ), ಎರಡೂ ಇಟ್ಟುಕೊಳ್ಳಿ. ಉದ್ದ ಬೋಲ್ಟ್ ಬೇಡ, ತೂತಿನ ತಳಕ್ಕೆ ತಾಗಿ ಹೆಡ್ಡಿನ ಎರಕ ಬಿರಿಯುತ್ತದೆ. ವಾಶರ್ ಹಾಕಿ, ಸಾಕಷ್ಟು ಬಿಗಿ. ಜೋರು ಮಾಡಿದರೆ ಅಲ್ಯುಮಿನಿಯಂ ಥ್ರೆಡ್ ಹೋಗುತ್ತದೆ. ಬಾಲದ ಕಡೆ ಮಾತ್ರ ಬೋಲ್ಟ್ ಇಲ್ಲ. ಕೆಳಗೆ ರಟ್ಟಿನ ಮಡಿಕೆ, ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ. ಆ ಪಟ್ಟಿಯ ಗಂಟು ಹೇಗೆ, ಎಷ್ಟು ಎಳೆಯಬೇಕು ಅನ್ನೋದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ಅಂಗಡಿಗೇ ಬರಬೇಕು.

ಪ್ಲೈವುಡ್ಡನ್ನು ಬಾಕ್ಸಿನ ಒಳ ಅಳತೆಗೆ ಸರಿಯಾಗಿ ಕೊಯ್ಯಬೇಕು, ಕೂದಲೆಳೆ ಜಾಗ ಉಳಿಯಬಾರದು. ಆಗ ಹೊಡೆತ ಬಿದ್ದರೆ ಪ್ಲೈವುಡ್ಡಿಗೆ, ಅಲ್ಲಿಂದ ಗೇರ್ ಹೆಡ್ಡಿಗೆ. ಪ್ಲಾಸ್ಟಿಕ್ ಸುಮ್ನೆ ಜೊತೆಗೆ ಪ್ರಯಾಣ ಮಾಡುತ್ತದೆ. ಮಷೀನಿನ ಸುತ್ತ ಉಳಿದ ಸಂದಿಗೆ ಮೊಟ್ಟೆಯ ರಟ್ಟಿನ ಟ್ರೇ ಹರಿದು ತುರುಕಿ. ಬಾಕ್ಸ್ 5 ಪ್ಲೈ, ಅಂದರೆ ಐದು ಪದರದ ರಟ್ಟಿನದು ಇರಲಿ. ಪ್ಲೈವುಡ್ ಫರ್ನಿಚರ್ ಅಂಗಡಿಯ ವೇಸ್ಟು. ಎಲ್ಲಾ ಸೇರಿ ಒಂದು ಗ್ರೈಂಡರಿಗೆ 70-80 ರೂಪಾಯಿ ಬೀಳುತ್ತದೆ.

ಇದರಲ್ಲಿ ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಬಾಕ್ಸ್ ಸಣ್ಣದಾಯಿತು. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಹಿಡಿಯುವುದು ನಿಮಗೆ ಗೊತ್ತೇ ಇದೆ. ಮೊದಲಿನ 40, 30, 30ರ ಬಾಕ್ಸ್ 7.2 ಕೆಜಿ ಆಗುತ್ತಿತ್ತು. ಒಳಗಿನ ಮಷೀನು 2 ಕೆಜಿ ಆಸುಪಾಸು! ಈಗ 35, 20, 15. ಲೆಕ್ಕಕ್ಕೆ 2.1 ಕೆಜಿ. ಬಾಡಿಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಹ್ಯಾಮರಿಗೆ ಸೈಡ್ ಹ್ಯಾಂಡಲಿನ ಆ ತೂತು ಇಲ್ಲ. ಹ್ಯಾಂಡಲ್ ಕೂರುವ ಕಾಲರಿಗೆ ಪ್ಲಂಬರ್‌ಗಳ ಪೈಪ್ ಕ್ಲ್ಯಾಂಪ್, ನಡುವೆ ಟ್ಯೂಬ್. ಬೇಸಿಗೆಯಲ್ಲಿ ಬಿಟ್ ಕೂರುವ ಚಕ್ಕಿನಿಂದ ಗ್ರೀಸ್ ಇಳಿದು ರಟ್ಟು ನೆನೆದರೆ ಬಾಕ್ಸಿಗೆ ಜೀವ ಇರಲ್ಲ. ಅದಕ್ಕೆ ಮೂತಿಗೆ ಮಾತ್ರ ಪ್ಲಾಸ್ಟಿಕ್ ಚೀಲ. ಪೂರ್ತಿ ಮಷೀನಿಗೆ ಚೀಲ ಕಟ್ಟಿದರೆ ಮಳೆಗಾಲದಲ್ಲಿ ಒಳಗೇ ಬೆವರಿ ತುಕ್ಕು.

ಬ್ರೇಕರ್ ಕಥೆ ಬೇರೆ. 10-11 ಕೆಜಿ, ರಟ್ಟು ತಡೆಯಲ್ಲ. ಅದರದೇ ಪೆಟ್ಟಿಗೆಯಲ್ಲಿಟ್ಟು ಮೇಲೆ ಗೋಣಿಚೀಲ ಹಾಕಿ ದಬ್ಬಣದಿಂದ ಹೊಲಿಯುತ್ತೇನೆ. ನಾಲ್ಕೂ ಮೂಲೆಗೆ ಕೈಗೆ ಸಿಗುವಷ್ಟು ಕಿವಿ ಬಿಡಬೇಕು. ಕಿವಿ ಇಲ್ಲದ ಗೋಣಿಗೆ ಹಮಾಲರು ಕೊಕ್ಕೆ ಹಾಕುತ್ತಾರೆ, ಇಲ್ಲ ಉರುಳಿಸುತ್ತಾರೆ. ಕಿವಿ ಇದ್ದರೆ ಹಿಡಿದು ಎತ್ತುತ್ತಾರೆ. ಅವರದೇನೂ ತಪ್ಪಿಲ್ಲ, ರಾತ್ರಿ ಲಾರಿ ತುಂಬುವ ಗಡಿಬಿಡಿಯಲ್ಲಿ ನೀವಾದರೂ ಹಾಗೇ ಮಾಡುತ್ತೀರಿ. "ಜೋಪಾನ" ಅಂತ ಸ್ಟಿಕ್ಕರ್ ಅಂಟಿಸಿದರೆ ಯಾರೂ ಓದಲ್ಲ. ನಾನು ತೂಕ ಬರೆಯುತ್ತೇನೆ, ಅಂಗೈ ಅಗಲದ ಅಂಕಿ. ಸಣ್ಣ ಬಾಕ್ಸ್ ಹಗುರ ಅಂದುಕೊಂಡು ಎತ್ತಿದಾಗಲೇ ಕೈ ಜಾರೋದು.

ಕಾರ್ಡ್‌ಲೆಸ್ ಮಷೀನು ವಿಮಾನದ ಕೊರಿಯರಿಗೆ ಕೊಡೋಕೆ ಹೋಗಬೇಡಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸೋದು 2016ರಿಂದಲೇ ಬಂದ್. ಲಾರಿಯೇ ಸರಿ. ಕೊಡುವಾಗಲೂ ಬ್ಯಾಟರಿ ಇದೆ ಅಂತ ಮೊದಲೇ ಹೇಳಿ. ಬ್ಯಾಟರಿ ಬಿಚ್ಚಿ, ಪಾಯಿಂಟಿಗೆ ಟೇಪ್ ಹಚ್ಚಿ, ಚಾರ್ಜ್ ಕಾಲು ಭಾಗಕ್ಕೆ ಇಳಿಸಿ ಕೊಡುತ್ತೇನೆ.

ಇನ್ನು ಗಿರಾಕಿಯ ತಕರಾರು. ಮಷೀನು ಓಡುವುದು, ಸೀರಿಯಲ್ ನಂಬರು, ತಕ್ಕಡಿಯ ಮೇಲಿನ ತೂಕ, ಬಾಕ್ಸ್ ಮುಚ್ಚುವುದು, ಎಲ್ಲ ಒಂದೇ ವಿಡಿಯೋದಲ್ಲಿ ಇರಬೇಕು, ನಡುವೆ ನಿಲ್ಲಿಸಬಾರದು. ಒಬ್ಬ ಪುಣ್ಯಾತ್ಮ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಬದಲಿಸಿ "ಸುಟ್ಟಿದೆ" ಅಂತ ವಾಪಸ್ ಕಳಿಸಿದ್ದ. ಅಂದಿನಿಂದ ಒಳಗೆ ಒಂದು ಗುರುತು ಹಾಕುತ್ತೇನೆ. ಎಲ್ಲಿ ಅಂತ ಕೇಳಬೇಡಿ. ಸಾಗಣೆ ಬಾಡಿಗೆಯನ್ನು ಟು-ಪೇ, ಅಂದರೆ ಮಾಲು ಬಿಡಿಸಿಕೊಳ್ಳುವಾಗ ಗಿರಾಕಿ ಕೊಡುವಂತೆ, ಮಾಡಲೇಬೇಡಿ. ಗಿರಾಕಿ ಮನಸ್ಸು ಬದಲಿಸಿದರೆ ಮಾಲು ಗೋದಾಮಿನಲ್ಲಿ ಕೂರುತ್ತದೆ, ವಾಪಸ್ ತರಿಸುವ ಬಾಡಿಗೆಯೂ ನಮ್ಮ ತಲೆಗೇ. ಮಷೀನಿನ ರೇಟಿನ ಜೊತೆಗೇ ಬಾಡಿಗೆ ಸೇರಿಸಿ ಹೇಳುತ್ತೇನೆ, ಪೂರ್ತಿ ರೊಕ್ಕ ಬಂದ ಮೇಲೆಯೇ ಪ್ಲೈವುಡ್ ಕೊಯ್ಯುತ್ತೇನೆ.