ಕಾರ್ಬನ್ ಗ್ಲೈಡರ್ ಕೊಂಡಿರಾ? ಮೊದಲು ಬ್ರೇಕ್ ಹೊಂದಿಸಿ

ರೇಡಿಯೊ ಕಂಟ್ರೋಲ್‌ನಿಂದ ಹಾರಿಸುವ ಫೋಮ್ ಗ್ಲೈಡರ್ ಕೈಗೆ ಚೆನ್ನಾಗಿ ಪಳಗಿದೆ. ಹದ್ದು ಸುತ್ತುವ ಕಡೆ ಬಿಸಿಗಾಳಿ ಏಳುತ್ತಿದೆ ಅಂತ ಗೊತ್ತಾಗುತ್ತದೆ. ಈಗ ನಾಲ್ಕು ಮೀಟರ್ ರೆಕ್ಕೆಯ ಕಾರ್ಬನ್ ಗ್ಲೈಡರ್ ಮೇಲೆ ಕಣ್ಣು ಬಿದ್ದಿದೆ, ಅಲ್ವಾ? ಖಂಡಿತ ತೊಗೊಳ್ಳಿ. ಆದರೆ ಅದನ್ನು ಹಾರಿಸುವುದಕ್ಕಿಂತ ಇಳಿಸುವುದೇ ಕಷ್ಟ. ನೆಲದಿಂದ ಎರಡಡಿ ಮೇಲೆ ಬಂದರೂ ಕೂರುವುದಿಲ್ಲ, ಜಾರುತ್ತಾ ಬೇಲಿವರೆಗೂ ಹೋಗುತ್ತದೆ. ಮೋಟಾರ್ ಇರುವ ರೇಡಿಯೊ ಗ್ಲೈಡರ್‌ಗಳ ಎಫ್‌5ಜೆ ಸ್ಪರ್ಧೆಯಲ್ಲಂತೂ ಗುರುತಿನಿಂದ ಒಂದು ಮೀಟರ್ ಒಳಗೆ ಇಳಿಸಿದರೆ 50 ಅಂಕ.

ರೆಕ್ಕೆಗೆ ನಾಲ್ಕು ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಾಡಿಸುವ ಪುಟ್ಟ ಮೋಟಾರ್), ಬಾಲಕ್ಕೆ ಎರಡು, ಜೊತೆಗೆ ಮೋಟಾರ್. ಇವನ್ನೆಲ್ಲ ಬೇರೆ ಬೇರೆಯಾಗಿ ನಡೆಸಲು ಎಂಟು ಚಾನೆಲ್‌ನ ರೇಡಿಯೊ ಇರಲಿ. ಕಾರ್ಬನ್ ಸಿಗ್ನಲ್ ತಡೆಯುತ್ತದೆ, ಹಾಗಾಗಿ ರಿಸೀವರ್‌ನ ಆಂಟೆನಾ ತುದಿಗಳನ್ನು ಹೊರಗೆ ತೆಗೆದು ರೇಂಜ್ ಪರೀಕ್ಷಿಸಿ.

ತೂಕದ ಸಮತೋಲನಕ್ಕೆ ತಯಾರಕರು ಹೇಳಿದ ಜಾಗದಲ್ಲಿ, ರೆಕ್ಕೆಯಡಿ ಪೆನ್ಸಿಲ್ ಗುರುತು ಹಾಕಿ. ಎರಡು ಬೆರಳ ಮೇಲೆ ಎತ್ತಿದಾಗ ಮೂತಿ ತುಸು ತಗ್ಗಿದ್ದರೆ ಮೊದಲ ಹಾರಾಟಕ್ಕೆ ಸಾಕು. ಆಮೇಲೆ ಮೂತಿಯಲ್ಲಿ ತೂಕಕ್ಕೆ ಇಟ್ಟ ಸೀಸವನ್ನು ಚೂರು ಚೂರೇ ತೆಗೆಯಿರಿ. ಎತ್ತರದಲ್ಲಿ ಮೂತಿ ತಗ್ಗಿಸಿ ರೇಡಿಯೊದ ಸ್ಟಿಕ್ ಬಿಟ್ಟು ನೋಡಿ. ಥಟ್ಟನೆ ಮೇಲೆದ್ದರೆ ಮೂತಿ ಇನ್ನೂ ಭಾರ. ಇನ್ನಷ್ಟು ಕೆಳಗೆ ಮುಳುಗಿದರೆ ಸೀಸ ಜಾಸ್ತಿ ತೆಗೆದಿದ್ದೀರಿ, ವಾಪಸ್ ಹಾಕಿ.

ಇನ್ನು ಬ್ರೇಕ್. ಇದಕ್ಕೆ ಒಂದು ಸಂಜೆಯನ್ನೇ ಇಟ್ಟುಕೊಳ್ಳಿ. ಎಡ ಸ್ಟಿಕ್ ಕೆಳಕ್ಕೆ ಎಳೆದಂತೆ ಫ್ಲಾಪ್‌ಗಳು (ರೆಕ್ಕೆಯ ಹಿಂಚಿನಲ್ಲಿ ಒಳಬದಿಯ ಪಟ್ಟಿಗಳು) ಹೆಚ್ಚುಕಮ್ಮಿ ನೇರ ಕೆಳಗಿಳಿಯಬೇಕು, ಏಲೆರಾನ್‌ಗಳು (ತುದಿಯ ಕಡೆಯ ಪಟ್ಟಿಗಳು) ಸ್ವಲ್ಪ ಮೇಲೇಳಬೇಕು. ಇದೇ ಕ್ರೋ ಬ್ರೇಕ್. ಮೋಟಾರನ್ನು ಬೇರೆ ಸ್ವಿಚ್‌ಗೆ ಕೊಡಿ. ಫ್ಲಾಪ್ ಇಳಿದ ಕೂಡಲೇ ಮೂತಿ ಮೇಲೇಳುತ್ತದೆ, ಅದಕ್ಕೇ ಬಾಲದ ಎಲಿವೇಟರ್ ತಾನಾಗಿ ಮೂತಿಯನ್ನು ಕೆಳಗೆ ಒತ್ತುವಂತೆ ರೇಡಿಯೊದಲ್ಲಿ ಮಿಕ್ಸ್ (ಎರಡನ್ನೂ ಒಟ್ಟಿಗೆ ನಡೆಸುವ ಹೊಂದಾಣಿಕೆ) ಹಾಕಿ. ಎಷ್ಟು ಬೇಕೆಂದು ಮನೆಯಲ್ಲಿ ಲೆಕ್ಕ ಹಾಕಲಾಗದು. ನೂರು ಮೀಟರ್ ಎತ್ತರದಲ್ಲಿ ಅರ್ಧ ಎಳೆದು ನೋಡಿ, ಆಮೇಲೆ ಪೂರ್ತಿ. ನಾನು ನೆಲದ ಹತ್ತಿರ ಮೊದಲ ಸಲ ಪ್ರಯತ್ನಿಸಿದೆ. ಗ್ಲೈಡರ್ ಮೇಲೆದ್ದು, ನಿಂತು, ರೆಕ್ಕೆ ವಾಲಿಸಿ ಬಿತ್ತು.

ಗಾಳಿಗೆ ಎದುರಾಗಿ, ದೂರದಿಂದಲೇ ನೇರ ಬನ್ನಿ. ಜಾಸ್ತಿ ಮುಂದೆ ಹೋಗುತ್ತದೆ ಅನಿಸಿದರೆ ಬ್ರೇಕ್ ಎಳೆಯಿರಿ, ಗುರುತಿನವರೆಗೆ ಬರುವುದಿಲ್ಲ ಅನಿಸಿದರೆ ನಿಧಾನಕ್ಕೆ ಬಿಡಿ. ಒಮ್ಮೆಲೇ ಬಿಟ್ಟರೆ ಕುಸಿಯುತ್ತದೆ. ನೆಲ ಮುಟ್ಟುವ ಕ್ಷಣದಲ್ಲಿ ಮಾತ್ರ ಫ್ಲಾಪ್ ಎತ್ತಿಬಿಡಿ. ತಗ್ಗಿದ ಫ್ಲಾಪ್ ಹುಲ್ಲಿಗೆ ಸಿಕ್ಕಿದರೆ ಸರ್ವೊದ ಗೇರ್ ಹಲ್ಲು ಉದುರುತ್ತದೆ.