ಫಿಲಿಪ್ಪೀನ್ಸ್‌ನಲ್ಲಿ ಕ್ರಿಸ್‌ಮಸ್: ಸೇವೆಗೆ ಹೋದ ಹಿರಿಯ ದಂಪತಿಗೆ ಕೈಪಿಡಿ

ನಿವೃತ್ತಿಯಾದ ಮೇಲೆ ಒಂದೆರಡು ವರ್ಷ ಕ್ರೈಸ್ತ ಸಭೆಯ ಸೇವೆ ಮಾಡೋಣವೆಂದು ಫಿಲಿಪ್ಪೀನ್ಸ್‌ಗೆ ಹೋಗುವ ದಂಪತಿಗೆ ಮೊದಲ ಡಿಸೆಂಬರ್ ಕಷ್ಟದ್ದು. ಮನೆಯ ನೆನಪು ಕಾಡುವುದು ಇದ್ದದ್ದೇ. ಅದರ ಜೊತೆಗೆ ಅಲ್ಲಿನ ಹಬ್ಬದ ಗಡಿಯಾರವೇ ಬೇರೆ. ನಮ್ಮಲ್ಲಿ 25ರ ಬೆಳಿಗ್ಗೆ ಆರಾಧನೆ, ಮಧ್ಯಾಹ್ನ ದೊಡ್ಡ ಊಟ, ಸಂಜೆ ನೆಂಟರಿಷ್ಟರು. ಅಲ್ಲಿ 24ರ ನಡುರಾತ್ರಿಯ ಊಟವೇ ಹಬ್ಬ. ಅದಕ್ಕೆ ನೋಚೆ ಬ್ವೇನಾ ಎನ್ನುತ್ತಾರೆ. 25ರ ಮಧ್ಯಾಹ್ನ ಯಾರಾದರೂ ಊಟಕ್ಕೆ ಕರೆದಾರೆಂದು ಕಾದವರು ಇಬ್ಬರೇ ಮನೆಯಲ್ಲಿ ಕೂತಿರುತ್ತಾರೆ. ಯಾರೂ ಅವರನ್ನು ಮರೆತಿಲ್ಲ. ಹಬ್ಬದೂಟ ಆಗಲೇ ಮುಗಿದಿದೆ, ಅಷ್ಟೆ. ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಿಕೊಳ್ಳಬಹುದು.

ನವೆಂಬರ್‌ನಲ್ಲೇ ಮುಗಿಸಬೇಕಾದ ಕೆಲಸಗಳು

ಸೆಪ್ಟೆಂಬರ್ ಬಂತೆಂದರೆ ಅಲ್ಲಿನ ಅಂಗಡಿಗಳಲ್ಲಿ ಕ್ರಿಸ್‌ಮಸ್ ಹಾಡು ಶುರು. ಡಿಸೆಂಬರ್ 16ರ ನಂತರ ಕಚೇರಿಗಳ ಕೆಲಸ ನಿಧಾನವಾಗುತ್ತದೆ. 25, 30 ಮತ್ತು ಜನವರಿ 1 ಪೂರ್ತಿ ರಜೆ. ಆದ್ದರಿಂದ ಕಾಗದಪತ್ರದ ಕೆಲಸವನ್ನು ಹಬ್ಬದ ತಿಂಗಳಿಗೆ ಉಳಿಸಿಕೊಳ್ಳಬೇಡಿ.

ಮೊದಲನೆಯದು ಪಿಂಚಣಿ. ಕೇಂದ್ರ ಸರಕಾರದ ಪಿಂಚಣಿದಾರರು ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಹೊರದೇಶದಲ್ಲಿದ್ದೇವೆ ಎಂದು ಬಿಟ್ಟರೆ ಪಿಂಚಣಿ ನಿಲ್ಲುತ್ತದೆ, ಅದೂ ಖರ್ಚು ಹೆಚ್ಚಿರುವ ಹೊತ್ತಿನಲ್ಲಿ. ಮೊಬೈಲ್‌ನಲ್ಲಿ ಮುಖ ತೋರಿಸಿ ಸಲ್ಲಿಸುವ ದಾರಿ ಇದೆ. ಅದನ್ನು ಊರಿನಲ್ಲಿರುವಾಗಲೇ, ಮಕ್ಕಳು ಪಕ್ಕದಲ್ಲಿದ್ದಾಗ, ಒಮ್ಮೆ ಮಾಡಿ ನೋಡಿಕೊಂಡು ಹೋಗಿ. ಅದು ಕೈಕೊಟ್ಟರೆ ಮನಿಲಾದ ಭಾರತೀಯ ರಾಯಭಾರ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ದೂರದ ದ್ವೀಪದಲ್ಲಿದ್ದವರಿಗೆ ಅದೊಂದು ವಿಮಾನ ಪ್ರಯಾಣ.

ಎರಡನೆಯದು ಮನೆಗೆಲಸದವರ ಹಣ. ಮನೆಯಲ್ಲಿ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡಿದ್ದರೆ 2013ರ ಮನೆಗೆಲಸದವರ ಕಾನೂನಿನ ಪ್ರಕಾರ ಅವರಿಗೆ ಹದಿಮೂರನೇ ತಿಂಗಳ ಸಂಬಳ ಕೊಡಲೇಬೇಕು. ಒಂದು ತಿಂಗಳು ಕೆಲಸ ಮಾಡಿದ್ದರೂ ಅದು ಅವರ ಹಕ್ಕು. ಲೆಕ್ಕ ಸುಲಭ: ಆ ವರ್ಷ ಅವರು ಪಡೆದ ಮೂಲ ಸಂಬಳವನ್ನೆಲ್ಲ ಕೂಡಿ ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 6,000 ಪೆಸೊದಂತೆ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಹತ್ತು ತಿಂಗಳಾದರೆ 60,000, ಕೊಡಬೇಕಾದ್ದು 5,000. ಡಿಸೆಂಬರ್ 24ರೊಳಗೆ ಕೈಗೆ ಸೇರಬೇಕು, ಆದರೆ 10ರ ಸುಮಾರಿಗೇ ಕೊಡುವುದು ಒಳ್ಳೆಯದು, ಅವರೂ ಊರಿಗೆ ಹೋಗಬೇಕಲ್ಲ. ಸೀರೆಯನ್ನೋ ಕೇಕನ್ನೋ ಕೊಟ್ಟು ಇದು ಆಯಿತು ಎಂದುಕೊಳ್ಳಬಾರದು. ಉಡುಗೊರೆ ಬೇರೆ, ಸಂಬಳ ಬೇರೆ. ದೇವರ ಕೆಲಸಕ್ಕೆಂದು ಹೋದವರು ಇದರಲ್ಲಿ ತಪ್ಪಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಸಭೆಯಲ್ಲಿ ನೀವು ಹೇಳುವ ಮಾತಿಗೆ ಬೆಲೆಯಿರುವುದಿಲ್ಲ.

ಹದಿಮೂರನೇ ತಿಂಗಳ ಸಂಬಳ ಇಡೀ ದೇಶದ ನೌಕರರಿಗೆ ಒಟ್ಟಿಗೆ ಬರುವುದರಿಂದ ಡಿಸೆಂಬರ್ 15ರ ಆಸುಪಾಸಿನಲ್ಲಿ ಬ್ಯಾಂಕು, ಎಟಿಎಂ, ಮಾಲ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಮಗೆ 20 ಪೆಸೊ ನಾಣ್ಯಗಳು, ಹೊಸ 50, 100 ಪೆಸೊ ನೋಟುಗಳು ಬೇಕಾಗುತ್ತವೆ (ಕಾರಣ ಮುಂದೆ ಬರುತ್ತದೆ). ಅವನ್ನು ಡಿಸೆಂಬರ್ ಮೊದಲ ವಾರದಲ್ಲೇ ಬ್ಯಾಂಕಿನಿಂದ ತಂದಿಟ್ಟುಕೊಳ್ಳಿ.

ಮೂರನೆಯದು ಮಾತ್ರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಅಲ್ಲಿ ವೈದ್ಯರ ಚೀಟಿ ಕೇಳುತ್ತಾರೆ. ಭಾರತದ ಕಂಪನಿ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ, ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಬರೆದ ಚೀಟಿ ಪರ್ಸ್‌ನಲ್ಲಿರಲಿ. ಜನವರಿ ಹತ್ತರವರೆಗೆ ಸಾಲುವಷ್ಟು ಈಗಲೇ ತೆಗೆದಿಡಿ. ಹಿರಿಯ ನಾಗರಿಕರಿಗೆ ಅಲ್ಲಿರುವ ಶೇ. 20ರ ರಿಯಾಯಿತಿ ಆ ದೇಶದ ಪ್ರಜೆಗಳಿಗೆ ಮಾತ್ರ. ತಲೆ ನರೆತಿದೆ ಎಂದು ಕೌಂಟರ್‌ನಲ್ಲಿ ಕೇಳಿ ಮುಜುಗರಪಡಬೇಡಿ.

ಯಾವ ಕರೆಗೆ ಹೋಗುವುದು, ಯಾವುದನ್ನು ಬಿಡುವುದು

ಸಭೆಯ ಯುವಕರ ಕೂಟ, ಮಹಿಳಾ ಕೂಟ, ಶಾಲೆ, ಬೀದಿ, ಗಾಯನ ತಂಡ ಹೀಗೆ ಎಲ್ಲರದೂ ಒಂದೊಂದು ಕ್ರಿಸ್‌ಮಸ್ ಪಾರ್ಟಿ. ಬಹುಪಾಲು ಕಡೆ ಚೀಟಿ ಎತ್ತಿ ಉಡುಗೊರೆ ಕೊಡುವ ಆಟವಿರುತ್ತದೆ, ಅದರ ಹೆಸರು ಮೊನಿಟೊ ಮೊನಿಟಾ. ಇಷ್ಟು ಪೆಸೊಗೆ ಕಡಿಮೆ ಇರಬಾರದು ಎಂದು ಗುಂಪೇ ನಿಗದಿ ಮಾಡುತ್ತದೆ. ನೀವು ಅದಕ್ಕಿಂತ ಬಹಳ ಹೆಚ್ಚಿನದ್ದು ಕೊಡಬೇಡಿ. ಪಡೆದವರಿಗೆ ಅದು ಹೊರೆ.

ವಾರಕ್ಕೆ ಎರಡು ಕೂಟ ಸಾಕು. ಯಾವುದಕ್ಕೆ ಹೋಗಬೇಕೆಂದು ತೋಚದಿದ್ದರೆ ಬಡ ಮನೆಯವರು ಕರೆದದ್ದಕ್ಕೆ ಹೋಗಿ, ಊರಿನ ದೊಡ್ಡವರದ್ದನ್ನು ಬಿಡಿ. ಹೊರಡುವ ವೇಳೆಯನ್ನು ಹೋಗುವಾಗಲೇ ಹೇಳಿಬಿಡಿ. ಹಾಡಲು ಕ್ಯಾರಿಯೋಕೆ ಮೈಕು ಹಿಡಿದರೆ ಅಲ್ಲಿಯವರಿಗೆ ರಾತ್ರಿಯ ಲೆಕ್ಕವಿಲ್ಲ.

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಕಥೋಲಿಕರು ನಸುಕಿನ ಪೂಜೆಗೆ ಹೋಗುತ್ತಾರೆ. ಇದು ಸಿಂಬಾಂಗ್ ಗಬಿ. ನಿಮ್ಮ ಸಭೆ ಬೇರೆಯಾದರೂ ಒಂದು ದಿನ ನೆರೆಯವರ ಜೊತೆ ಹೋಗಿಬನ್ನಿ, ಅವರಿಗೆ ತುಂಬಾ ಸಂತೋಷವಾಗುತ್ತದೆ. ಒಂಬತ್ತೂ ದಿನ ಮೂರೂವರೆಗೆ ಏಳುವ ಹರಕೆ ಅರವತ್ತೈದು ದಾಟಿದವರಿಗೆ ಬೇಡ. ಚರ್ಚಿನ ಹೊರಗೆ ಬಾಳೆಲೆಯ ಮೇಲೆ ಬೇಯಿಸಿದ ಬಿಬಿಂಕಾ, ಬಿದಿರಿನ ಕೊಳವೆಯಲ್ಲಿ ಆವಿಗಿಟ್ಟ ನೇರಳೆ ಬಣ್ಣದ ಪುಟೊ ಬುಂಬೊಂಗ್ ಸಿಗುತ್ತವೆ. ಕರಾವಳಿಯವರಿಗೆ ಇದು ಪುಟ್ಟಿನ ನೆಂಟನೆಂದು ನೋಡಿದೊಡನೆ ಗೊತ್ತಾಗುತ್ತದೆ. ಜೊತೆಗೆ ಶುಂಠಿ ಕಷಾಯ. ಬಿಬಿಂಕಾದ ಮೇಲೆ ಸಕ್ಕರೆಯೂ ಉಪ್ಪಿನ ಮೊಟ್ಟೆಯೂ ಇರುತ್ತವೆ, ಅಂದರೆ ಸಕ್ಕರೆ ಕಾಯಿಲೆಗೂ ಬಿಪಿಗೂ ಒಟ್ಟಿಗೇ ತೊಂದರೆ. ಒಂದನ್ನು ತೆಗೆದುಕೊಂಡು ಇಬ್ಬರೂ ಹಂಚಿಕೊಳ್ಳಿ.

ನಡುರಾತ್ರಿಯ ಊಟದಲ್ಲಿ ಎಡವುವ ಜಾಗವೂ ಇದೇ. ರಾತ್ರಿ ಎಂಟಕ್ಕೆ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಹೇಗೂ ಹನ್ನೆರಡಕ್ಕೆ ಊಟವಿದೆ ಎಂದು ಖಾಲಿ ಹೊಟ್ಟೆಯಲ್ಲಿ ಕಾದರೆ ಸಕ್ಕರೆ ಕುಸಿದು ಬೆವರು, ನಡುಕ ಶುರುವಾಗುತ್ತದೆ. ಎಂಟಕ್ಕೆ ಎಂದಿನಂತೆ ಅನ್ನವನ್ನೋ ಚಪಾತಿಯನ್ನೋ ಮಿತವಾಗಿ ಉಂಡುಬಿಡಿ. ಹನ್ನೆರಡಕ್ಕೆ ತಟ್ಟೆಯಲ್ಲಿ ನಾಲ್ಕು ತುತ್ತು ಸಾಕು. ಹ್ಯಾಮ್, ಗುಂಡನೆಯ ಕೆಂಪು ಚೀಸು, ಸಿಹಿ ಸ್ಪಗೆಟ್ಟಿ, ಹಂದಿಯ ಲೆಚೋನ್ ಎಲ್ಲದರಲ್ಲೂ ಉಪ್ಪೋ ಸಕ್ಕರೆಯೋ ಧಾರಾಳ. ಮಾಂಸ ತಿನ್ನದವರು ಬರೀ ತರಕಾರಿ ಎಂದು ಕೇಳಿದರೆ ಸಾಲದು. ತರಕಾರಿ ಪಲ್ಯಕ್ಕೂ ಬಗೂಂಗ್ ಎಂಬ ಸಿಗಡಿ ಗೊಜ್ಜು ಬೀಳುತ್ತದೆ. ಅದಿದೆಯೇ ಎಂದೂ ಹೆಸರಿಟ್ಟು ಕೇಳಿ. ಇನ್ನು ದಾರಿಯಲ್ಲಿ ಹೋಗುವಾಗ ‘ಕಾಯಿನ್ ತಾಯೊ’, ಅಂದರೆ ಊಟ ಮಾಡೋಣ ಬನ್ನಿ, ಎಂದು ಕರೆದರೆ ಬಹಳ ಸಲ ಅದು ಬರೀ ಮರ್ಯಾದೆಯ ಮಾತು. ‘ಬುಸೊಗ್ ಪಾ ಪೊ, ಸಲಾಮತ್’ ಎಂದು ನಕ್ಕು ಮುಂದೆ ಹೋಗಬಹುದು; ಹೊಟ್ಟೆ ತುಂಬಿದೆ, ಉಪಕಾರವಾಯಿತು ಎಂದರ್ಥ.

25ರ ಬೆಳಿಗ್ಗೆ ಮತ್ತು ಮಧ್ಯಾಹ್ನ

ಆ ದಿನ ಮಕ್ಕಳು ಹೊಸ ಬಟ್ಟೆ ತೊಟ್ಟು ಹಿರಿಯರ ಮನೆಗಳಿಗೆ ಬರುತ್ತಾರೆ. ನೀವು ಅವರಿಗೆಲ್ಲ ಲೋಲೋ, ಲೋಲಾ. ಅಂದರೆ ಅಜ್ಜ, ಅಜ್ಜಿ. ‘ಮಾನೊ ಪೊ’ ಎಂದು ಕೈ ಚಾಚಿದರೆ ಕುಲುಕಬೇಡಿ. ಬಲಗೈಯನ್ನು ಸಡಿಲವಾಗಿ, ಹಿಂಗೈ ಮೇಲಾಗಿ ಕೊಡಿ. ಮಗು ಅದನ್ನು ಹಣೆಗೆ ಒತ್ತಿಕೊಳ್ಳುತ್ತದೆ. ನಮ್ಮ ಮಕ್ಕಳು ಕಾಲಿಗೆ ಬೀಳುವ ಹಾಗೆ ಇದೂ ಆಶೀರ್ವಾದ ಬೇಡುವ ರೀತಿ. ಆಗ ಕೊಡುವ ಪುಡಿಗಾಸಿಗೆ ಅಗಿನಾಲ್ಡೊ ಎಂದು ಹೆಸರು. ಮೊದಲು ತಂದಿಟ್ಟ ಹೊಸ ನೋಟು, ನಾಣ್ಯ ಇದಕ್ಕೆ. ಸಭೆಯ ಎಲ್ಲ ಮಕ್ಕಳಿಗೂ ಒಂದೇ ಮೊತ್ತವಿರಲಿ, 20 ಆದರೂ ಸರಿ. ಒಬ್ಬನಿಗೆ 100, ಇನ್ನೊಬ್ಬನಿಗೆ 20 ಆದರೆ ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ತಿಂಗಳಿಡೀ ಸಂಜೆಗೆ ಬಾಟಲಿ ಮುಚ್ಚಳ ಪೋಣಿಸಿದ ತಾಳ ಬಡಿಯುತ್ತಾ ಹಾಡಲು ಬರುವ ಮಕ್ಕಳಿಗೆ 5, 10ರ ನಾಣ್ಯಗಳ ಡಬ್ಬಿ ಬಾಗಿಲ ಬಳಿ ಇರಲಿ.

ಮಧ್ಯಾಹ್ನವನ್ನು ನೀವೇ ತುಂಬಿಸಿಕೊಳ್ಳಬೇಕು. ಊರಿಗೆ ಹೋಗಲಾಗದವರು ಯಾರಿದ್ದಾರೆಂದು ಡಿಸೆಂಬರ್ ಮೊದಲಲ್ಲೇ ವಿಚಾರಿಸಿ: ಬೇರೆ ದ್ವೀಪದಿಂದ ಬಂದ ಯುವ ಸೇವಕರು, ಒಬ್ಬರೇ ಇರುವ ವಿಧವೆಯರು. ದಾವಾವೊ, ಮನಿಲಾದಂಥ ಊರುಗಳಲ್ಲಿ ವೈದ್ಯಕೀಯ ಓದುವ ಭಾರತದ ಮಕ್ಕಳು ಬಹಳ ಮಂದಿ. ಅವರಿಗೆ ಅನ್ನ, ತಿಳಿಸಾರು, ಪಲ್ಯ ಎಂದರೆ ಅದೇ ಹಬ್ಬ, ಅವರ ಧರ್ಮ ಯಾವುದಾದರೂ ಸರಿ. ಎಂಟು ಜನಕ್ಕಿಂತ ಹೆಚ್ಚು ಕರೆಯಬೇಡಿ, ನಿಂತು ಅಡಿಗೆ ಮಾಡುವವರ ಮಂಡಿಯನ್ನೂ ನೋಡಬೇಕು. ಸಾರಿನ ಪುಡಿ ಊರಿನಿಂದ ಒಯ್ದಿರಿ, ಹುಣಸೆ ಅಲ್ಲಿಯೇ ಸಿಗುತ್ತದೆ.

ಕುಸ್ವಾರ್, ಅಂದರೆ ನಮ್ಮ ಕರಾವಳಿಯ ಕ್ರಿಸ್‌ಮಸ್ ತಿಂಡಿಗಳನ್ನು, ಪೂರ್ತಿ ಮಾಡುವ ಆಸೆ ಬಿಡಿ, ಒಂದೇ ತಿಂಡಿ ಚೆನ್ನಾಗಿ ಮಾಡಿ. ಅಲ್ಲಿಗೆ ಹೊಂದುವುದು ಹೂವಿನ ಅಚ್ಚಿನ ಕೊಕ್ಕೀಸು. ಅಚ್ಚನ್ನು ಮಾತ್ರ ಊರಿನಿಂದ ಒಯ್ಯಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಿ. ಒಂದು ಕಪ್ ಅಕ್ಕಿ ಹಿಟ್ಟು, ಒಂದು ಕಪ್ ಮೈದಾ, ಅರ್ಧ ಕಪ್ ಸಕ್ಕರೆ ಪುಡಿ, ಒಂದು ಮೊಟ್ಟೆ, ಒಂದು ಚಿಟಿಕೆ ಉಪ್ಪು, ಒಂದು ಚಮಚ ಎಳ್ಳು. ಒಂದೂವರೆ ಕಪ್ ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಕಲಸಿ. ಅಕ್ಕಿ ಹಿಟ್ಟು ಕೊಳ್ಳುವಾಗ ಜಾಗ್ರತೆ: ‘ಮಲಗ್ಕಿತ್’ ಅಂದರೆ ಅಂಟಕ್ಕಿ, ಅದರ ಪೊಟ್ಟಣವೂ ನೋಡಲು ಒಂದೇ ತರ. ಅದನ್ನು ಹಾಕಿದರೆ ಗರಿಗರಿ ಬರುವುದಿಲ್ಲ, ಅಚ್ಚು ಬಿಟ್ಟು ಏಳುವುದೂ ಇಲ್ಲ. ತೆಂಗಿನಕಾಯಿಯನ್ನು ಸಂತೆಯಲ್ಲೇ ಯಂತ್ರದಲ್ಲಿ ತುರಿದುಕೊಡುತ್ತಾರೆ, ಮೊದಲ ಹಿಂಡಿನ ಹಾಲನ್ನೇ ಬಳಸಿ. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಮುಕ್ಕಾಲು ಭಾಗ ಮಾತ್ರ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಿ ಕರಿಯಿರಿ. ಪೂರ್ತಿ ಮುಳುಗಿದರೆ ಹಿಟ್ಟು ಮೇಲಿನಿಂದ ಕವಿದು ಬಿಡಿಸಿಕೊಳ್ಳಲಾಗದು. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಗಾಳಿಯಲ್ಲಿ ತೇವ ಹೆಚ್ಚು, ಆರಿದ ತಕ್ಷಣ ಬಿಸ್ಕತ್ತಿನ ತಗಡಿನ ಡಬ್ಬಿಗೆ ತುಂಬಿಸಿ. ನೆರೆಮನೆಗೆ ಕೊಟ್ಟ ತಟ್ಟೆ ಬರಿದಾಗಿ ಹಿಂತಿರುಗುವುದು ಅಪರೂಪ.

ಮಿಕ್ಸಿ ಒಯ್ಯುವವರಿಗೆ: ವಿದ್ಯುತ್ತು 220 ವೋಲ್ಟ್, ಯಂತ್ರ ಸುಡುವುದಿಲ್ಲ. ಆದರೆ ಸಾಕೆಟ್ಟು ಚಪ್ಪಟೆ ಎರಡು ಪಿನ್ನಿನದ್ದು, ಅಡಾಪ್ಟರ್ ಬೇಕು.

ಮನೆಗೆ ಕರೆ

ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ನಡುರಾತ್ರಿಯಾದಾಗ ಇಲ್ಲಿ ಒಂಬತ್ತೂವರೆ, ಆ ಹೊತ್ತಿಗೆ ಕರೆ ಮಾಡಿದರೆ ನೆಟ್‌ವರ್ಕ್ ಸಿಗುವುದು ಕಷ್ಟ, ಸಿಕ್ಕರೂ ಮನೆಯವರು ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಮಕ್ಕಳು ಒಬ್ಬರು ಬೆಂಗಳೂರಲ್ಲಿ, ಒಬ್ಬರು ಅಮೆರಿಕದಲ್ಲಿ ಇದ್ದರೆ 25ರ ರಾತ್ರಿ 11 ಒಳ್ಳೆಯ ವೇಳೆ: ಭಾರತದಲ್ಲಿ ಎಂಟೂವರೆ, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10, ಕ್ಯಾಲಿಫೋರ್ನಿಯದಲ್ಲಿ ಬೆಳಿಗ್ಗೆ 7. ಮಧ್ಯಾಹ್ನ ಮಲಗಿ ಎದ್ದಿರಿ. ಮೊಮ್ಮಕ್ಕಳಿಗೆ ‘ಏನ್ಮಾಡ್ತಿದ್ದೀಯ ಪುಟ್ಟಾ’ ಎಂದು ಕೇಳಿದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಒಂದು ಹಾಡು ಒಟ್ಟಿಗೆ ಹಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಫೋನಿಟ್ಟ ಮೇಲಿನ ಅರ್ಧ ಗಂಟೆ ಇಬ್ಬರಲ್ಲಿ ಒಬ್ಬರಿಗೆ ಅಳು ಬರುತ್ತದೆ. ಇನ್ನೊಬ್ಬರು ಆಗ ಪಾತ್ರೆ ತೊಳೆಯಲು ಹೋಗದೆ ಪಕ್ಕದಲ್ಲಿ ಕೂತಿರಬೇಕು.

ಚಂಡಮಾರುತ ಮತ್ತು ಪಟಾಕಿ

ಡಿಸೆಂಬರ್‌ನಲ್ಲಿ ಗಾಳಿಮಳೆ ಮುಗಿದಿರುತ್ತದೆ ಎಂದುಕೊಳ್ಳಬೇಡಿ. 2011ರ ಡಿಸೆಂಬರ್ 16ರ ರಾತ್ರಿ ಸೆಂಡಾಂಗ್ ಎಂಬ ಚಂಡಮಾರುತ ಕಗಾಯನ್ ದೆ ಓರೊ, ಇಲಿಗಾನ್ ಊರುಗಳನ್ನು ನೆರೆಯಲ್ಲಿ ಮುಳುಗಿಸಿತು. 2021ರ ಡಿಸೆಂಬರ್ 16ರಂದು ಒಡೆಟ್ ಚಂಡಮಾರುತ ಸೆಬು, ಬೊಹೋಲ್‌ಗಳಿಗೆ ಬಡಿದು ಬಹಳಷ್ಟು ಊರುಗಳು ಕರೆಂಟಿಲ್ಲದೆ ಕ್ರಿಸ್‌ಮಸ್ ಮಾಡಿದವು. ಹವಾಮಾನ ಇಲಾಖೆ ಗಾಳಿಯ ಸಂಕೇತವನ್ನು 1ರಿಂದ 5ರವರೆಗೆ ಹೇಳುತ್ತದೆ. 2 ಎಂದಾಗಲೇ ಸಿದ್ಧವಾಗಿ: 19 ಲೀಟರಿನ ಎರಡು ಕ್ಯಾನ್ ಕುಡಿಯುವ ನೀರು, ಹತ್ತು ದಿನದ ಮಾತ್ರೆ ಮತ್ತು ಪಾಸ್‌ಪೋರ್ಟ್ ಜಿಪ್ ಚೀಲದಲ್ಲಿ, ಟಾರ್ಚು, ಪವರ್ ಬ್ಯಾಂಕು, ಚಿಲ್ಲರೆ ನಗದು. ಕರೆಂಟು ಹೋದರೆ ಮೊಬೈಲ್ ಹಣ ಎಲ್ಲೂ ನಡೆಯುವುದಿಲ್ಲ. ಫ್ರಿಜ್ ನಿಂತರೆ ಇನ್ಸುಲಿನ್ ಅನ್ನು ಬಿಗಿಯಾದ ಚೀಲದಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ನೆರಳಲ್ಲಿಡಿ.

ಡಿಸೆಂಬರ್ 31ರ ರಾತ್ರಿ ಬೇರೆಯೇ. ಮೇಜಿನ ಮೇಲೆ ಹನ್ನೆರಡೋ ಹದಿಮೂರೋ ಬಗೆಯ ಗುಂಡಗಿನ ಹಣ್ಣು, ಬೀದಿಯಲ್ಲಿ ಗದ್ದಲ. ಪಟಾಕಿಗಳನ್ನು ಗೊತ್ತುಮಾಡಿದ ಜಾಗದಲ್ಲಷ್ಟೇ ಹಚ್ಚಬೇಕೆಂದು 2017ರ ಆದೇಶವಿದ್ದರೂ ಹೊಗೆ ಮಂಜಿನಂತೆ ಕವಿಯುತ್ತದೆ. ಉಬ್ಬಸವಿದ್ದವರು ರಾತ್ರಿ ಹತ್ತಕ್ಕೇ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಇಡಿ, ಇನ್ಹೇಲರ್ ತಲೆದಿಂಬಿನ ಬಳಿ ಇರಲಿ. ಗಾಳಿಯಲ್ಲಿ ಹಾರಿಸಿದ ಗುಂಡು ಬಿದ್ದು ಜನ ಸತ್ತದ್ದೂ ಉಂಟು, ಅಂಗಳದಲ್ಲೂ ತಗಡಿನ ಮಾಡಿನ ಕೆಳಗೂ ನಿಲ್ಲದೆ ತಾರಸಿಯ ಕೆಳಗಿರಿ.

ಜನವರಿ ಎರಡನೇ ವಾರ ರಕ್ತದ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ. ಮಿಷನರಿ ವೀಸಾದಲ್ಲಿ ವಿದೇಶಿಯರ ಗುರುತಿನ ಕಾರ್ಡು ಹೊಂದಿದವರು ವರ್ಷದ ಮೊದಲ 60 ದಿನಗಳೊಳಗೆ ವಲಸೆ ಇಲಾಖೆಗೆ ವಾರ್ಷಿಕ ವರದಿ ಕೊಡಬೇಕು. ಫೆಬ್ರವರಿಯ ಕೊನೆಯಲ್ಲಿ ಸಾಲು ಉದ್ದ, ಅದನ್ನೂ ಜನವರಿಯಲ್ಲೇ ಮುಗಿಸಿ.