ಕಾಸರಗೋಡಿಗೆ ಹೊಸದಾಗಿ ಬಂದಿದ್ದೀರಾ? ಬೇಸಿಗೆಯ ಹಿತ್ತಿಲ ಬಗ್ಗೆ ಒಂದಿಷ್ಟು ಮಾತು

ಕರ್ನಾಟಕ ಕೇರಳ ಗಡಿಯ ತಲಪಾಡಿ ದಾಟಿ ಈ ಕಡೆ ಬಂದು ನೆಲೆಸಿ ನನಗೆ 19 ವರ್ಷ ಆಯಿತು. ಹುಟ್ಟೂರು ಹಿರಿಯೂರು ಕಡೆ, ಈಗ ಮನೆ ಬದಿಯಡ್ಕದ ಹತ್ತಿರ. ಕೆಲಸಕ್ಕೋ ಮದುವೆಯಾಗಿಯೋ ಬಯಲುಸೀಮೆಯಿಂದ ಇಲ್ಲಿಗೆ ಬಂದವರು ಮನೆ ಹಿಂದಿನ ಜಾಗ ತೋರಿಸಿ ಏನು ಹಾಕಲಿ ಅಂತ ಕೇಳುತ್ತಾರೆ. ಏನು ಅನ್ನುವುದಕ್ಕಿಂತ ಮೊದಲು ಯಾವಾಗ ಅಂತ ಕೇಳಿ. ನಾನು ಕೇಳಲಿಲ್ಲ.

ನಮ್ಮ ಕಡೆ ಮಳೆ ನಕ್ಷತ್ರ ನೋಡಿ ಬಿತ್ತುತ್ತೇವೆ, ಅಲ್ವಾ? ಬೇಸಿಗೆ ಅಂದರೆ ಹೊಲ ಖಾಲಿ. ಅದೇ ಲೆಕ್ಕದಲ್ಲಿ ಮೊದಲ ವರ್ಷ ಮೃಗಶಿರ ಮಳೆಗೆ ಪಾತಿ ಮಾಡಿ ಸೌತೆ, ಬೆಂಡೆ ಬೀಜ ಹಾಕಿದೆ. ಒಂದು ವಾರದಲ್ಲಿ ಪಾತಿ ಪೂರ್ತಿ ನೀರು. ಬೀಜ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮಣ್ಣು ಏರಿಸಿ ದಿಬ್ಬದ ಮೇಲೆ ಬಿತ್ತಬೇಕು. ಬೇಸಿಗೆಯಲ್ಲಿ ತಗ್ಗು ಗುಂಡಿಯಲ್ಲಿ.

ತರಕಾರಿಗೆ ಒಳ್ಳೆಯ ಕಾಲ ಅಂದರೆ ಇಲ್ಲಿ ಬೇಸಿಗೆಯೇ. ಗದ್ದೆ ಕೊಯ್ಲಾದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಬೀಜ ಹಾಕಿ. ಸೌತೆ, ಅಲಸಂಡೆ, ಬೆಂಡೆ, ಹಾಗಲ, ಚೀನಿಕಾಯಿ ಅಂದರೆ ಸಿಹಿಗುಂಬಳ, ಕೆಂಪು ಹರಿವೆ ಅಂದರೆ ನಮ್ಮ ದಂಟು. ಏಪ್ರಿಲ್ ಮಧ್ಯದ ಬಿಸು ಹಬ್ಬಕ್ಕೆ ಕಣಿ, ಅಂದರೆ ಬೆಳಿಗ್ಗೆ ಎದ್ದೊಡನೆ ನೋಡುವ ಹಣ್ಣು ತರಕಾರಿಯ ತಟ್ಟೆ, ಇಡಲು ಹಿತ್ತಿಲಲ್ಲೇ ಹಣ್ಣಾದ ಸೌತೆ ಸಿಗುತ್ತದೆ. ಉಳಿದದ್ದನ್ನು ಬಾಳೆ ನಾರಿನಲ್ಲಿ ಕಟ್ಟಿ ಮಾಡಿನ ಅಡಿಯಲ್ಲಿ ತೂಗು ಹಾಕುತ್ತಾರೆ. ಮಳೆಗಾಲದಲ್ಲಿ ಸೌತೆ ಕೊದಿಲು, ಅಂದರೆ ಇಲ್ಲಿಯ ಸಾಂಬಾರು, ಆಗುವುದು ಅದರಿಂದಲೇ.

ಟೊಮೆಟೊ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎರಡು ಬೇಸಿಗೆ ಅದು ನನ್ನನ್ನು ಅಳಿಸಿದೆ. ನಿನ್ನೆ ಸಂಜೆ ಹಸಿರಾಗಿ ನಿಂತ ಗಿಡ, ಇವತ್ತು ಮಧ್ಯಾಹ್ನ ತಲೆ ಬಾಗಿಸಿರುತ್ತದೆ. ಎಲೆ ಹಳದಿಯಾಗಿಲ್ಲ, ಹುಳ ಇಲ್ಲ. ನೀರು ಸಾಲಲಿಲ್ಲವೇನೋ ಅಂತ ಇನ್ನೂ ಎರಡು ಕೊಡ ಸುರಿದೆ. ಪಕ್ಕದ ಮನೆಯ ಅಕ್ಕ ಬಂದು ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದರು. ಐದು ನಿಮಿಷ ಆಗಿರಬಹುದು. ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂತೆ ಬೆಳ್ಳಗೆ ಏನೋ ನೀರಿಗೆ ಇಳಿಯತೊಡಗಿತು. ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಮಣ್ಣಿನಲ್ಲೇ ಇರುತ್ತದೆ, ಹುಳಿ ಇರುವ ಈ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನಲ್ಲಿ ಅದಕ್ಕೆ ಮದ್ದು ಹೊಡೆದು ಪ್ರಯೋಜನವಿಲ್ಲ. ಗಿಡ ಕಿತ್ತು ಸುಡಿ, ಆ ಜಾಗದಲ್ಲಿ ಬದನೆ, ಮೆಣಸು ಕೂಡ ಹಾಕಬೇಡಿ. ಮಣ್ಣಿಗೆ ಸುಣ್ಣ ಸೇರಿಸಿ. ಕೇರಳ ಕೃಷಿ ವಿಶ್ವವಿದ್ಯಾಲಯ ಈ ರೋಗ ತಡೆಯುವ ತಳಿಗಳನ್ನು ಕೊಟ್ಟಿದೆ. ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ. ಬದನೆಯಲ್ಲಿ ಸೂರ್ಯ, ಹರಿತ. ಊರಿನಿಂದ ಸಸಿ ಹೊತ್ತು ತರಬೇಡಿ. ಬೀಜಕ್ಕೆ ಪಂಚಾಯತಿನ ಕೃಷಿ ಭವನಕ್ಕೆ ಹೋಗಿ, ಅರ್ಜಿ ಕನ್ನಡದಲ್ಲೇ ಬರೆದುಕೊಡಿ.

ಇನ್ನು ನೀರು. ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೇನು ಬರ ಅಂತ ಅಂದುಕೊಂಡಿದ್ದೆ. ದಿನಾ ಮಧ್ಯಾಹ್ನ ಪೈಪ್ ಹಿಡಿದು ನಿಂತೆ. ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಂಡಿತು. ಕುಡಿಯುವ ನೀರಿಗೆ ಪಕ್ಕದ ಮನೆಗೆ ಕೊಡ ಹಿಡಿದು ಹೋದ ದಿನ ನನಗೆ ಈಗಲೂ ಮರೆತಿಲ್ಲ. ಅವರದ್ದು ಸುರಂಗದ ನೀರು. ಗುಡ್ಡದ ಮುರಕಲ್ಲನ್ನು ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದದ್ದು. ಒಳಗಿನಿಂದ ಕಿರುಬೆರಳು ಗಾತ್ರದ ನೀರು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ತೊಟ್ಟಿಗೆ ಬೀಳುತ್ತಿತ್ತು. ಆ ಎಳೆಯಷ್ಟು ನೀರಲ್ಲಿ ಅವರ ಹಿತ್ತಿಲು ಹಸಿರಾಗಿತ್ತು.

ಹೇಗೆ ಅಂತ ಅಕ್ಕ ತೋರಿಸಿದರು. ಬುಡದ ತರಗೆಲೆ ಸರಿಸಿ ಬೆರಳು ಊರಿ ಮಣ್ಣು ತೆಗೆದರು. ಹಿಂದಿನ ದಿನದ ನೀರು, ಆದರೂ ಮಣ್ಣು ಉಂಡೆ ಕಟ್ಟಿತು. ಬುಡ ಮುಚ್ಚಬೇಕು, ಅಷ್ಟೇ. ಸೊಪ್ಪು, ತರಗೆಲೆ, ಒಣ ಸೋಗೆ ಯಾವುದಾದರೂ ಆಗುತ್ತದೆ. ತೆಂಗಿನಕಾಯಿ ಸಿಪ್ಪೆಯಾದರೆ ಬೆನ್ನು ಮೇಲೆ ಮಾಡಿ ಇಡಿ. ನೀರು ಬೆಳಿಗ್ಗೆ ಅಥವಾ ಸಂಜೆ ಮಾತ್ರ. ಅಕ್ಕಿ ತೊಳೆದ ನೀರು ಬಸಳೆ ಬುಡಕ್ಕೆ. ಹಾಗಲಕಾಯಿ ಬೆರಳುದ್ದ ಇರುವಾಗಲೇ ಕಾಗದ ಸುತ್ತಿ, ಇಲ್ಲದಿದ್ದರೆ ಹಣ್ಣು ನೊಣ ಬಿಡುವುದಿಲ್ಲ.

ಅಮ್ಮ ಕೊಟ್ಟ ಅವರೆ ಬೀಜವನ್ನೂ ಜನವರಿಯಲ್ಲೇ ಬಿತ್ತಿದ್ದೆ. ಬಳ್ಳಿ ಚಪ್ಪರ ತುಂಬಿತು, ಒಂದು ಹೂ ಇಲ್ಲ. ನಾಟಿ ಅವರೆಗೆ ಹಗಲು ಚಿಕ್ಕದಾಗುತ್ತಾ ಬರಬೇಕು, ಆಗಲೇ ಹೂ. ನಮ್ಮೂರಲ್ಲಿ ಅದು ತಾನಾಗಿ ನಡೆಯುತ್ತಿತ್ತು, ಯೋಚಿಸುವ ಪ್ರಮೇಯವೇ ಬರಲಿಲ್ಲ. ಅಮ್ಮ ಫೋನಿನಲ್ಲಿ ಸೊಗಡು ಬಂತಾ ಅಂತ ಕೇಳಿದಾಗ ಏನು ಹೇಳಲಿ? ಈಗ ಮಳೆ ಇಳಿದ ಮೇಲೆ ಬಿತ್ತುತ್ತೇನೆ. ಚಳಿಯಲ್ಲಿ ಕಾಯಿ ಬಿಡುತ್ತದೆ. ಊರಿನಷ್ಟು ಸೊಗಡು ಇಲ್ಲ, ಇದೆ ಅಂತ ಸುಮ್ನೆ ಹೇಳಲಾರೆ.

ಮಗಳು ಹುಟ್ಟಿದ್ದು ಇಲ್ಲೇ. ನನ್ನ ದಂಟಿನ ಸೊಪ್ಪು ಅವಳಿಗೆ ಮನೆಯಲ್ಲಿ ಹರಿವೆ, ಅಕ್ಕನ ಹತ್ತಿರ ತುಳುವಿನಲ್ಲಿ ಪದ್ಪೆ, ಗೆಳತಿಯರ ಹತ್ತಿರ ಚೀರ. ಹಿತ್ತಿಲಲ್ಲಿ ಅವಳಿಗೆ ಮೂರು ಭಾಷೆ ಸಿಕ್ಕಿದೆ. ಆದರೆ ಕಣ ಅಂದರೇನು ಅಂತ ಒಮ್ಮೆ ಕೇಳಿದಳು. ರಾಗಿ ಒಕ್ಕುವುದನ್ನು ಬಾಯಲ್ಲಿ ಎಷ್ಟು ವಿವರಿಸಿದರೂ ಅವಳ ಕಣ್ಣಿಗೆ ಕಟ್ಟಲಿಲ್ಲ.

ತುಳುನಾಡಿನಲ್ಲಿ ಜಾತ್ರೆ, ಕೋಲಗಳ ಕಾಲ ಮುಗಿಯುವ ದಿನವಾದ ಪತ್ತನಾಜೆಯ ಮೊದಲು, ಅಂದರೆ ಮೇ ಮೂರನೇ ವಾರದೊಳಗೆ, ಬೀಜ ತೆಗೆದಿಡಿ. ಆಮೇಲೆ ಒಣಗಿಸಲು ಒಣ ಹವೆ ಸಿಗುವುದಿಲ್ಲ. ಚೆನ್ನಾಗಿ ಬಲಿತ ಕಾಯಿ ಆರಿಸಿ, ಬೀಜ ತೊಳೆದು ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕಿ, ಹೆಸರು ಬರೆಯಿರಿ. ನಮ್ಮ ಡಬ್ಬಿಗಳ ಮೇಲೆ ಬರೆಯುವವಳು ಮಗಳು. ಹರಿವೆ, ಸೌತೆಗೆಲ್ಲ ಮಲಯಾಳದಲ್ಲಿ ಬರೆದಿದ್ದಾಳೆ. ಒಂದೇ ಡಬ್ಬಿಗೆ ಕನ್ನಡದಲ್ಲಿ, ಅಜ್ಜಿಯ ಅವರೆ ಅಂತ.